ಹಾಸಿಗೆಯ ಮೇಲಿಟ್ಟ ಕೈ

ನಮ್ಮ ಮಾಂಟ್ರಿಯಲ್‌ನಲ್ಲಿ ಜುಲೈ ಒಂದನೇ ತಾರೀಖು ಬಂತೆಂದರೆ ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ಉಳಿದರ್ಧ ಊರಿನ ಮನೆಗಳಿಗೆ ಹೋಗಿ ಸೇರಿಕೊಳ್ಳುತ್ತದೆ. ಎಲ್ಲರ ಬಾಡಿಗೆ ಕರಾರೂ ಅದೇ ದಿನ ಮುಗಿಯುವುದು. ಲಾರಿ ಸಿಗದವರು ಕಾರಿನ ಮೇಲೆ ಹಾಸಿಗೆ ಹೇರಿ, ಕಿಟಕಿಯಿಂದ ಒಂದು ಕೈ ಹೊರಗೆ ಹಾಕಿ, ಅದರ ಅಂಚನ್ನು ಹಿಡಿದುಕೊಂಡು ಹೊರಡುತ್ತಾರೆ. ಗಾಳಿಗೆ ಇವರ ಕೈ ಕಂಡರೆ ಹೆದರಿಕೆ ಎಂದು ತಿಳಿದಿದ್ದಾರೋ ಏನೋ. ಆ ಕೈಗಳನ್ನು ನೋಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಗಂಡ ಓವಿಲಾ ಮೂವತ್ತೊಂದು ವರ್ಷ ಒಂದು ಪೀಠೋಪಕರಣದ ಅಂಗಡಿಯಲ್ಲಿ ಮನೆಮನೆಗೆ ಸಾಮಾನು ಸಾಗಿಸುವ ಕೆಲಸ ಮಾಡಿದವನು. ವರ್ಷವೆಲ್ಲ ಅವನನ್ನು ಕೇಳುವವರಿಲ್ಲದಿದ್ದರೂ ಜುಲೈ ಒಂದರಂದು ನಮ್ಮ ಬೀದಿಗೆ ಅವನೇ ರಾಜ. ಯಾರ ಕಾರಿಗೆ ಏನು ಹೇರಬೇಕು, ಹೇಗೆ ಹೇರಬೇಕು ಎಂದು ಅವನೇ ಹೇಳಬೇಕು. ತಪ್ಪು ಮಾಡಿದವರಿಗೆ ಕುತ್ತಿಗೆಯ ಹಿಂದೆ ಅಂಗೈಯಿಂದ ಒಂದೇಟು. ದೊಡ್ಡ ಏಟೇನಲ್ಲ. ದೂರು ಹೇಳಿಕೊಂಡರೆ ಹೇಳಿದವರಿಗೇ ನಾಚಿಕೆಯಾಗುವಷ್ಟು ಹಗುರ. ಆದರೆ ಸದ್ದು ಮಾತ್ರ ಬೀದಿಗೆಲ್ಲ ಕೇಳಬೇಕು. ಕೇಳಿದವರೆಲ್ಲ ನಗಬೇಕು.

ಮೂವತ್ತಾರು ವರ್ಷದ ಸಂಸಾರದಲ್ಲಿ ಅಂಥ ಏಟುಗಳು ನನಗೆ ಎಷ್ಟು ಬಿದ್ದಿವೆಯೋ ಲೆಕ್ಕವಿಲ್ಲ. ಸೂಪಿಗೆ ಉಪ್ಪು ಕಡಿಮೆಯಾದರೆ ಒಂದು, ನೆಂಟರ ಮುಂದೆ ಇಸವಿ ತಪ್ಪಾಗಿ ಹೇಳಿದರೆ ಒಂದು. ಬೇರೆಯವರು ನಗುವ ಮೊದಲೇ ನಾನೇ ನಕ್ಕುಬಿಡುವುದನ್ನು ಕಲಿತೆ. ನನಗಿದ್ದದ್ದು ಒಂದೇ ಆಸೆ. ನನ್ನ ಒಬ್ಬಳೇ ಮಗಳು ಮಿರೇಯ್‌ಗೆ ಇಂಥ ಕೈ ಗಂಟುಬೀಳಬಾರದು.

ಅವಳು ಬೆನ್ವಾನನ್ನು ಮೊದಲ ಸಲ ಮನೆಗೆ ಕರೆತಂದಾಗ ನಾನು ಅವನ ಮುಖ ನೋಡಲಿಲ್ಲ, ಕೆಲಸ ಕೇಳಲಿಲ್ಲ. ಕೈ ನೋಡಿದೆ. ಔಷಧದ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವ ಹುಡುಗ. ತೆಳ್ಳಗಿನ, ನಿಧಾನದ ಕೈ. ಕಾಫಿ ಕೊಡುವಾಗ ಕಪ್ಪಿನ ಹಿಡಿಯನ್ನು ತೆಗೆದುಕೊಳ್ಳುವವರ ಕಡೆ ತಿರುಗಿಸಿ ಕೊಡುತ್ತಿದ್ದ. ಇವನೇ ಸರಿ ಎಂದು ಅಲ್ಲಿಯೇ ತೀರ್ಮಾನಿಸಿದೆ. ಅದೇ ಊಟದಲ್ಲಿ ಓವಿಲಾ ಅವನಿಗೆ ಮೊದಲ ಏಟು ಕೊಟ್ಟ, ಮಾಂಸದ ಕಡುಬಿಗೆ ಕೆಚಪ್ ಬೇಡವೆಂದನೆಂದು. ಏಟು ತಿಂದವನೇ ಕ್ಷಮೆ ಕೇಳಿದ.

ಮದುವೆಯಾದ ಮೇಲೆ ಮೂರು ವರ್ಷ ಅವರಿಬ್ಬರೂ ನಮ್ಮ ತಲೆಯ ಮೇಲಿನ ಮನೆಯಲ್ಲೇ ಇದ್ದರು. ಓವಿಲಾನ ಕೈ ಮೆಟ್ಟಿಲು ಹತ್ತಿಕೊಂಡು ಅಲ್ಲಿಗೂ ಹೋಗುತ್ತಿತ್ತು. ಮಿರೇಯ್ ಬಸುರಿಯಾದಾಗ ಅವರು ನದಿಯಾಚೆ ಲಾಂಗೇಯ್‌ನಲ್ಲಿ ಮನೆ ಹಿಡಿದರು. ಸುದ್ದಿ ತಿಳಿದಾಗ ಓವಿಲಾ ತಟ್ಟೆಯಿಂದ ತಲೆ ಎತ್ತದೆ ಕೇಳಿದ್ದು ಇಷ್ಟೇ:

"ನದಿ ದಾಟಿಬಿಟ್ರೆ ನನ್ನ ಕೈ ಎಟುಕಲ್ಲ ಅಂದ್ಕೊಂಡಿದ್ದೀರಾ?"

ಎಲ್ಲರೂ ನಕ್ಕೆವು.

ಆ ವರ್ಷದ ಜುಲೈ ಒಂದು ಕಾದ ಹೆಂಚಿನಂಥ ದಿನ. ಮಿರೇಯ್ ಆರು ತಿಂಗಳ ಹೊಟ್ಟೆ ಹೊತ್ತು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ದೊಡ್ಡ ಸಾಮಾನೆಲ್ಲ ಅವಳ ಗೆಳತಿಯ ವ್ಯಾನಿನಲ್ಲಿ ಹೋಗಿ ಆಗಿತ್ತು. ಉಳಿದದ್ದು ಹಾಸಿಗೆ ಮತ್ತು ಅಡುಗೆಮನೆಯ ಪೆಟ್ಟಿಗೆಗಳು. ಬೆನ್ವಾ ವಾರದ ಮೊದಲೇ ಒಂದು ಹಾಳೆಯಲ್ಲಿ ಕಾರಿನ ಚಿತ್ರ ಬರೆದು, ಯಾವುದು ಎಲ್ಲಿ ಎಂದು ಗುರುತು ಹಾಕಿಟ್ಟಿದ್ದ. ಭಾರದ್ದೆಲ್ಲ ತಳಕ್ಕೆ, ಹಿಂದಿನ ಸೀಟಿಗೆ ಒತ್ತಿ. ಸೀಟಿಗಿಂತ ಎತ್ತರಕ್ಕೆ ಏನೂ ಇರಬಾರದು. ನನ್ನಮ್ಮನ ಕಾಲದ ಎರಕದ ಕಬ್ಬಿಣದ ಪಾತ್ರೆ, ಕಾಳು ಬೇಯಿಸುವಂಥದ್ದು, ಅದನ್ನು ಮಗಳಿಗೆ ಕೊಟ್ಟಿದ್ದೆ. ನಾನು ಅದನ್ನು ಹಿಂದಿನ ಗಾಜಿನ ಹತ್ತಿರ ಇಟ್ಟಾಗ ಅವನು ಸದ್ದಿಲ್ಲದೆ ತೆಗೆದು ಕೆಳಗೆ ಸೀಟಿನ ಸಂದಿಯಲ್ಲಿ ಕೂರಿಸಿದ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅದು ನೇರ ನಮ್ಮ ತಲೆಗೇ ಬರುತ್ತದೆ ಎಂದ. ಸಾಮಾನು ಹೇರಿದ ಕಾರನ್ನು ಎಂದೂ ಥಟ್ಟನೆ ನಿಲ್ಲಿಸಬಾರದು, ನಿಧಾನವಾಗಿ ನಿಲ್ಲಿಸಬೇಕು ಎಂದೂ ಹೇಳಿದ. ನನಗೆ ಹೀಗೆ ಮೆತ್ತಗೆ ಬಿಡಿಸಿ ಹೇಳಿದವರು ಅವನ ತನಕ ಯಾರೂ ಇರಲಿಲ್ಲ.

ಹಾಸಿಗೆ ಕಟ್ಟಲೆಂದೇ ಅವನು ನಾಲ್ಕು ಹೊಸ ಪಟ್ಟಿಗಳನ್ನು ತಂದಿದ್ದ. ಕಬ್ಬಿಣದ ಹಿಡಿ ಆಡಿಸಿದರೆ ಕಿರ್ ಕಿರ್ ಎಂದು ಬಿಗಿಯುವಂಥವು. ಓವಿಲಾ ಆ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಬೀದಿಗೆಲ್ಲ ತೋರಿಸಿದ. ಎದುರುಮನೆಯ ಮದಾಮ್ ಪೆಲ್ಶಾ ಬಾಲ್ಕನಿಯಲ್ಲಿ ಬಿಯರ್ ಹಿಡಿದು ಕೂತಿದ್ದಳು, ಪಕ್ಕದಲ್ಲಿ ಅವಳ ಅಕ್ಕತಂಗಿಯರು.

"ಅಳಿಯಂದಿರೇ, ಇದು ಹಾಸಿಗೆ. ನಿಮ್ಮ ಮಾತ್ರೆ ಡಬ್ಬಿ ಅಲ್ಲ, ಚೀಟಿ ಅಂಟಿಸಿ ಮುಚ್ಚಳ ಹಾಕೋಕೆ."

"ಮುಂದಿನ ಅಂಚನ್ನ ಬಂಪರ್‌ಗೆ ಎಳೆದು ಕಟ್ಟಬೇಕು ಮಾವ," ಎಂದ ಬೆನ್ವಾ. "ಬರೀ ಅಡ್ಡಡ್ಡ ಕಟ್ಟಿದ್ರೆ ಕೆಳಗಿಂದ ಗಾಳಿ ಹೊಕ್ಕು ಎತ್ತಿಬಿಡುತ್ತೆ."

ಫಟ್. ಕುತ್ತಿಗೆಯ ಹಿಂದೆ ಬಿತ್ತು. ಮದಾಮ್ ಪೆಲ್ಶಾ ನಕ್ಕ ರಭಸಕ್ಕೆ ಬಿಯರ್ ಚೆಲ್ಲಿಕೊಂಡಳು. ನಾನೂ ನಕ್ಕೆ. ಅಭ್ಯಾಸ.

ಓವಿಲಾ ಪಟ್ಟಿಗಳನ್ನು ಹಿಂದಿನ ಸೀಟಿಗೆ ಎಸೆದು ತನ್ನ ಹಳದಿ ನೈಲಾನ್ ಹಗ್ಗ ತಂದ. ಹಾಸಿಗೆಯ ಮೇಲಿಂದ ಹಾಕಿ, ಒಂದು ಕಿಟಕಿಯಿಂದ ಒಳಗೆ, ಇನ್ನೊಂದು ಕಿಟಕಿಯಿಂದ ಹೊರಗೆ. ಹೀಗೆ ಕಟ್ಟಿದರೆ ಬಾಗಿಲುಗಳೂ ಸೇರಿ ಬಂದಾಗುತ್ತವೆ, ಆಮೇಲೆ ತೆರೆಯಲು ಬರುವುದಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಕಟ್ಟುವುದು ಹಾಗೆಯೇ. ಅದಕ್ಕೇ ನನ್ನನ್ನು ಮೊದಲೇ ಹಿಂದೆ ಕೂರಿಸಿದ, ತಾನು ಮುಂದೆ ಕೂತ, ಹಗ್ಗ ಎಳೆದು ಕೊಡಲು ಅಳಿಯನನ್ನು ಹೊರಗೆ ನಿಲ್ಲಿಸಿಕೊಂಡ. ಮಿರೇಯ್ ನನ್ನ ಕಿಟಕಿಯ ಹತ್ತಿರ ಬಂದು ಬಗ್ಗಿದಳು.

"ಅಮ್ಮಾ, ಅವ್ರು ಹೇಳ್ದಂಗೆ ಕಟ್ಲಿ ಅಂತ ಅಪ್ಪಂಗೆ ಒಂದ್ ಮಾತು ಹೇಳು."

"ಇದೊಂದಿನ ಮಗಳೇ. ಸಂಜೆಗೆಲ್ಲ ಮುಗಿದುಹೋಗುತ್ತೆ," ಎಂದೆ ನಾನು.

ಅವಳು ಸಿಟ್ಟಿನಿಂದ ಮುಖ ತಿರುಗಿಸಿ, ಬೆಕ್ಕಿನ ಬುಟ್ಟಿ ಎತ್ತಿಕೊಂಡು, ಸಾಮಾನು ಇಳಿಸಿ ವಾಪಸ್ಸು ಬಂದಿದ್ದ ಗೆಳತಿಯ ವ್ಯಾನ್ ಹತ್ತಿದಳು.

ಬಾಗಿಲು ಬಂದಾಗಿದ್ದರಿಂದ ಬೆನ್ವಾ ಕಿಟಕಿಯಿಂದಲೇ ಒಳಗೆ ತೂರಬೇಕಾಯಿತು. ಮೊದಲು ಕಾಲು, ಆಮೇಲೆ ಸೊಂಟ. ಪ್ಯಾಂಟಿನ ಹಿಂಭಾಗ ಪರ್ರೆಂದು ಹರಿಯಿತು. ಬಾಲ್ಕನಿಗಳಲ್ಲಿ ಚಪ್ಪಾಳೆ ಬಿತ್ತು. ಓವಿಲಾ ಮಾತ್ರ ರಾಜನ ಗತ್ತಿನಲ್ಲಿ ಕೂತು, ಹಗ್ಗದ ಕೊನೆಯನ್ನು ಗಂಟು ಹಾಕದೆ ಬಲಗೈಯ ಮಣಿಕಟ್ಟಿಗೆ ಎರಡು ಸುತ್ತು, ಬೆರಳುಗಳಿಗೆ ಒಂದು ಸುತ್ತು ಸುತ್ತಿಕೊಂಡು, ಅಂಗೈಯನ್ನು ಕಿಟಕಿಯಿಂದ ಮೇಲಕ್ಕೆ ಚಾಚಿ ಹಾಸಿಗೆಯ ಮೇಲಿಟ್ಟ.

"ಗಂಟಾದ್ರೆ ಜಾರುತ್ತೆ," ಎಂದ. "ಈ ಕೈ ಮೂವತ್ತೊಂದು ವರ್ಷದಲ್ಲಿ ಒಂದ್ಸಲಾನೂ ಜಾರಿಲ್ಲ."

ಬೆನ್ವಾ ನಡೆದುಕೊಂಡು ಹೋಗುವವರ ವೇಗದಲ್ಲಿ ಕಾರು ಬಿಟ್ಟ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಕಿವಿ ಹರಿದರು. ಓವಿಲಾನ ಎಡಗೈ ಬಿಡುವಾಗಿತ್ತು. ಕಾರ್ನರಿನ ಬೇಕರಿಯ ಮುಂದೆ ಒಂದು ಏಟು. ಸೇತುವೆಯ ಏರಿನಲ್ಲಿ ಇನ್ನೊಂದು, ಹೆಣ ಹೊತ್ತುಕೊಂಡು ಹೊರಟಿದ್ದೀಯಾ ಎಂದು ಕೇಳಿ. ಸೇತುವೆ ಹತ್ತಿದ ಮೇಲೆ ಮೂರನೆಯದು. ಅಷ್ಟರಲ್ಲಿ ಬೆನ್ವಾನ ಕುತ್ತಿಗೆ ಕೆಂಪಗೆ ಊದಿತ್ತು.

"ಒತ್ತೋ. ನನ್ನ ಮೊಮ್ಮಗು ಹುಟ್ಟೋದ್ರೊಳಗಾದ್ರೂ ಆಚೆ ದಡ ಸೇರೋಣ."

ಬೆನ್ವಾ ಕನ್ನಡಿಯಲ್ಲಿ ನನ್ನನ್ನು ನೋಡಿದ. ಆಮೇಲೆ ನನ್ನ ಪಕ್ಕದಲ್ಲಿ ಬಿದ್ದಿದ್ದ, ಇನ್ನೂ ಬಿಚ್ಚದ ಪಟ್ಟಿಗಳ ಪೊಟ್ಟಣವನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಅವನು ನನ್ನ ಅಪ್ಪಣೆ ಕೇಳುತ್ತಿದ್ದಾನೆಂದು ನನಗೆ ಗೊತ್ತಾಯಿತು. ನಿಲ್ಲಿಸಪ್ಪ, ಪಟ್ಟಿ ಕಟ್ಟೋಣ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಾಸಿಗೆಯ ಮೇಲೆ ಹೋದ ಆ ಕೈಯನ್ನು, ಅದಕ್ಕೆ ಸುತ್ತಿದ್ದ ಹಳದಿ ಹಗ್ಗವನ್ನು ನೋಡಿದೆ. ಆಮೇಲೆ ಮುಖ ತಿರುಗಿಸಿ ನದಿಯನ್ನು ನೋಡುತ್ತಾ ಕೂತೆ. ಒಂದು ಸರಕಿನ ಹಡಗು ಹೋಗುತ್ತಿತ್ತು.

"ಒತ್ತಲಾ ಮಾವ?"

"ಎಷ್ಟು ಸಲ ಬೊಗಳ್ಬೇಕು ನಿಂಗೆ?"

"ಸರಿ. ನೀವೇ ಹೇಳಿದ್ದು."

ಒತ್ತಿದ. ಮೊದಲು ಮುಂದಿನ ಗಾಜಿನ ಮೇಲಿದ್ದ ನೆರಳು ಮಾಯವಾಯಿತು. ಹಾಸಿಗೆಯ ಮುಂಭಾಗ ಮೇಲೆದ್ದಿತ್ತು. ಹಗ್ಗ ಬಿಗಿದು ಝುಂ ಎಂದಿತು. ಓವಿಲಾನ ತೋಳು ಭುಜದವರೆಗೆ ಕಿಟಕಿಯಿಂದಾಚೆ ಎಳೆದುಕೊಂಡು ಹೋಯಿತು, ಮುಖ ಬಾಗಿಲ ಚೌಕಟ್ಟಿಗೆ ಅಪ್ಪಳಿಸಿತು. ಒಣ ಸೌದೆ ಮುರಿದಂಥ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅವನ ಕೂಗು.

ಬೆನ್ವಾ ಥಟ್ಟನೆ ಬ್ರೇಕ್ ಹಾಕಲಿಲ್ಲ. ನನಗೆ ಬಿಡಿಸಿ ಹೇಳಿದ್ದ ಹಾಗೆಯೇ, ಸಾಮಾನು ಹೇರಿದ ಕಾರನ್ನು ನಿಲ್ಲಿಸಬೇಕಾದ ಹಾಗೆಯೇ, ಮೆಲ್ಲಗೆ, ಬಹಳ ಮೆಲ್ಲಗೆ ವೇಗ ಇಳಿಸಿದ. ಅಷ್ಟು ಹೊತ್ತೂ ಹಾಸಿಗೆ ಮೇಲೆ ಎದ್ದು ಎದ್ದು ಬೀಳುತ್ತಿತ್ತು, ಪ್ರತಿ ಸಲವೂ ಹಗ್ಗ ಆ ಕೈಯನ್ನು ಎಳೆಯುತ್ತಿತ್ತು. ನನ್ನ ಕಾಲ ಬಳಿಯ ಕಬ್ಬಿಣದ ಪಾತ್ರೆ ಕೂದಲೆಳೆಯಷ್ಟೂ ಅಲುಗಲಿಲ್ಲ.

ಕಾರು ನಿಂತಾಗ ಓವಿಲಾ ಬಾಗಿಲು ತೆಗಿ, ಬಾಗಿಲು ತೆಗಿ ಎಂದು ಒದರಾಡುತ್ತಿದ್ದ. ಬೆನ್ವಾ ಎರಡೂ ಕೈಯನ್ನು ಸ್ಟಿಯರಿಂಗ್ ಮೇಲೆಯೇ ಇಟ್ಟುಕೊಂಡು ಅವನ ಕಡೆ ತಿರುಗಿದ.

"ತೆಗೆಯೋಕಾಗಲ್ಲ ಮಾವ. ನೀವೇ ಕಟ್ಟಿದ್ದೀರಿ."

ಹಿಂದಿನ ಕಾರಿನವರೂ ಮನೆ ಬದಲಾಯಿಸುತ್ತಿದ್ದವರೇ. ತಮ್ಮ ಅಡುಗೆ ಪೆಟ್ಟಿಗೆ ಬಿಚ್ಚಿ, ಬ್ರೆಡ್ ಕೊಯ್ಯುವ ಚಾಕು ಹುಡುಕಿ ತಂದು ಹಗ್ಗ ಕೊಯ್ದರು. ಅದಕ್ಕೇ ಹತ್ತು ನಿಮಿಷ ಹಿಡಿಯಿತು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು. ಮಣಿಕಟ್ಟು ಮತ್ತೆ ತಿರುಗಲೇ ಇಲ್ಲ. ಪೊಲೀಸರು ಕೇಳಿದಾಗ ಬೆನ್ವಾ, ಮಾವನೇ ಜೋರಾಗಿ ಓಡಿಸು ಅಂದರು ಎಂದ. ಹೌದು ಎಂದೆ ನಾನು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಗೆ ಬಂದು ಒಬ್ಬಳೇ ಕೂತು ಕಾಫಿ ಕುಡಿದೆ. ಇಷ್ಟು ರುಚಿಯಾದ ಕಾಫಿ ನಾನು ಎಂದೂ ಕುಡಿದಿರಲಿಲ್ಲ. ನನ್ನ ಮಗಳು ನದಿ ದಾಟಿದ್ದಳು, ಆ ಕೈ ಈಚೆಯೇ ಉಳಿದಿತ್ತು.

ಮರುವರ್ಷ ನಾವೂ ಮನೆ ಬಿಡಬೇಕಾಯಿತು. ಕೈಯಿಲ್ಲದ ಗಂಡನನ್ನು ಕಟ್ಟಿಕೊಂಡು ಚಳಿಗಾಲದಲ್ಲಿ ಹಿಮ ಎತ್ತಿಹಾಕುವುದು ನನ್ನಿಂದ ಆಗಲಿಲ್ಲ. ಲಾಂಗೇಯ್‌ನಲ್ಲಿ ಮಗಳ ಮನೆಯ ಕೆಳಗಿನ ಮನೆ ಖಾಲಿಯಾಯಿತು. ಜುಲೈ ಒಂದರಂದು ಬೆನ್ವಾ ಕಾರು ತಂದ. ಸೇತುವೆಯ ಕತೆ ಇಡೀ ಬೀದಿಗೆ ಗೊತ್ತಿತ್ತು. ಸಾಮಾನು ಹೇರುವವರೆಲ್ಲ ಬೆಳಗ್ಗೆಯಿಂದ ಅವನನ್ನೇ ಕರೆಯುತ್ತಿದ್ದರು, ಇದು ಸರಿಯಾ, ಇದು ಎಲ್ಲಿ ಎಂದು. ಅವನು ಸೊಂಟದ ಮೇಲೆ ಕೈಯಿಟ್ಟು ಬೀದಿಯುದ್ದಕ್ಕೂ ಓಡಾಡುತ್ತಿದ್ದ. ದನಿ ಸ್ವಲ್ಪ ಎತ್ತರವಾಗಿತ್ತು.

ನಮ್ಮ ಹಾಸಿಗೆಗೆ ಪಟ್ಟಿ ಬಿಗಿಯುವಾಗ ಓವಿಲಾ ಸುಮ್ಮನಿರಲಾರದೆ ಎಡಗೈಯಲ್ಲಿ ಅದರ ಅಂಚು ಹಿಡಿದ. ಬೆನ್ವಾ ಹಿಂದಿನಿಂದ ಬಂದು ಅವನ ಕುತ್ತಿಗೆಗೆ ಒಂದು ಕೊಟ್ಟ. ಹಗುರವಾಗಿಯೇ. ಸದ್ದು ಚೆನ್ನಾಗಿ ಬಂತು.

"ಕೈ ಒಳಗಿಟ್ಕೊಳಿ ಮಾವ. ಇನ್ನೊಂದೇ ಉಳಿದಿರೋದು."

ಮದಾಮ್ ಪೆಲ್ಶಾ ಬಾಲ್ಕನಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಈ ಸಲ ಅಭ್ಯಾಸದಿಂದಲ್ಲ. ಮೂವತ್ತೇಳು ವರ್ಷದ ಬಡ್ಡಿ ಸಮೇತ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಮಿರೇಯ್ ಒಳಗಿನಿಂದ ಬಂದಳು. ಸೊಂಟದಲ್ಲಿ ಒಂಬತ್ತು ತಿಂಗಳ ಮಗು, ಇನ್ನೊಂದು ಕೈಯಲ್ಲಿ ಆ ಕಬ್ಬಿಣದ ಪಾತ್ರೆ. ಚಳಿಗಾಲದಲ್ಲಿ ನಾನು ಅದನ್ನು ಕಾಳು ಬೇಯಿಸಲು ವಾಪಸ್ಸು ತಂದಿದ್ದೆ. ಭಾರ ತಾಳಲಾರದೆ ಅವಳು ಅದನ್ನು ಕಾರಿನ ಹಿಂದಿನ ಗಾಜಿನ ಹತ್ತಿರವೇ ಇಟ್ಟುಬಿಟ್ಟಳು.

"ಎಷ್ಟು ಸಲ ಹೇಳಿದ್ದೀನಿ ನಿಂಗೆ," ಎಂದ ಬೆನ್ವಾ.

ಫಟ್.

ಕಾಫಿ ಕಪ್ಪಿನ ಹಿಡಿ ತಿರುಗಿಸಿ ಕೊಡುತ್ತಿದ್ದ ಅದೇ ಕೈ. ಮೊದಲು ನಕ್ಕವನು ಓವಿಲಾ, ಇದ್ದ ಹಲ್ಲೆಲ್ಲ ತೋರಿಸಿ. ಆಮೇಲೆ ಬಾಲ್ಕನಿಗಳು. ಮಿರೇಯ್ ನನ್ನ ಕಡೆ ನೋಡಿದಳು. ಸೇತುವೆಯ ಮೇಲೆ ಬೆನ್ವಾ ಕನ್ನಡಿಯಲ್ಲಿ ನೋಡಿದ ಹಾಗೆಯೇ ನೋಡಿದಳು, ಏನಾದರೂ ಹೇಳುತ್ತೀಯಾ ಎಂದು. ನಾನು ಮುಖ ತಿರುಗಿಸಿ ಪಾತ್ರೆಯ ಕಡೆ ಕೈ ಚಾಚಿದೆ. ಆಗ ಅವಳು ನಕ್ಕಳು. ಬೇರೆಯವರು ನಗುವುದರೊಳಗೆ ನಕ್ಕುಬಿಡಲು ನಾನು ಕಲಿತಿದ್ದ ನಗುವೇ ಅದು, ಇವಳಿಗೆ ಇನ್ನೂ ರೂಢಿಯಿಲ್ಲದ್ದರಿಂದ ಸ್ವಲ್ಪ ತಡವಾಗಿ ಬಂತು.

ಪಾತ್ರೆ ಎತ್ತಿ ಕೆಳಗೆ ಸೀಟಿನ ಸಂದಿಯಲ್ಲಿಟ್ಟೆ. ಬೆನ್ವಾ ನಾಲ್ಕೂ ಪಟ್ಟಿಗಳನ್ನು ಬಿಗಿದು, ಹಾಸಿಗೆಯನ್ನು ಹಿಡಿದು ಅಲ್ಲಾಡಿಸಿ ನೋಡಿದ. ಹೊಸ ಮನೆ ತಲುಪುವ ತನಕ ಕಾರಿನೊಳಗೆ ಒಂದು ಚಮಚವೂ ಅಲುಗಲಿಲ್ಲ.