ಬೀಗರ ಮುಂದೆ ಮೂಕಿ ಚಿತ್ರ

ಬೀಗರಾಗಬೇಕಾದವರು ಹೇಳಿದ ಹೊತ್ತಿಗೇ ಬಂದರು. ಬರಬೇಕಾಗಿದ್ದ ಮಗಳು ಬರಲಿಲ್ಲ. ಅವಳೂ ಅವಳು ಮೆಚ್ಚಿದ ಹುಡುಗನೂ ಒಂದೇ ಆಸ್ಪತ್ರೆಯಲ್ಲಿ ನರ್ಸುಗಳು. ಹೊರಡುವಷ್ಟರಲ್ಲಿ ಅಪಘಾತದ ಕೇಸು ಬಂದು ಇಬ್ಬರೂ ಅಲ್ಲೇ ಸಿಕ್ಕಿಕೊಂಡಿದ್ದರು. ಹುಡುಗನ ಅಪ್ಪ ಅಮ್ಮನಿಗೆ ಈ ಮನೆಯ ಭಾಷೆ ಬಾರದು, ಇವರಿಗೆ ಅವರದು ಬಾರದು. ಮದುವೆ ಮಾತಾಡಬೇಕಾದ ನಾಲ್ವರೂ ಬಾಯಿಗೆ ಹೊಲಿಗೆ ಹಾಕಿದವರಂತೆ ಕೂತರು.

ನೀರು ತರುವ ನೆಪದಲ್ಲಿ ಹುಡುಗಿಯ ಅಮ್ಮ ಗಂಡನನ್ನು ಅಡುಗೆಮನೆಗೆ ಎಳೆದಳು. "ಏನ್ರೀ, ಹೀಗೆ ಕಲ್ಲಿನ ಥರ ಕೂತ್ರೆ? ಹೆಣ್ಣು ಕೊಡೋಕೆ ಮನಸ್ಸಿಲ್ಲ ಅಂದ್ಕೋತಾರೆ."

ಅವನದು ಬೀಗ ರಿಪೇರಿಯ ಅಂಗಡಿ. "ಊರಿಗೆಲ್ಲ ಬೀಗ ತೆಗೆದುಕೊಡ್ತೀನಿ ಕಣೇ. ಬೀಗರ ಬಾಯಿ ತೆಗೆಸೋದು ಮಾತ್ರ ನಂಗೆ ಬರಲ್ಲ," ಎಂದ.

ಬೇರೆ ದಾರಿ ಕಾಣದೆ ಟೀವಿ ಹಾಕಿದ. ವಾರ್ತೆಯವನು ಕಿರುಚಿದ, ಧಾರಾವಾಹಿಯವಳು ಅತ್ತಳು. ಮುಂದಿನ ಚಾನೆಲ್ಲಿನಲ್ಲಿ ನೂರು ವರ್ಷ ಹಳೆಯ ಕಪ್ಪು ಬಿಳುಪು ಮೂಕಿ ಚಿತ್ರ. ಅದನ್ನೂ ಬದಲಿಸಲು ಹೋದಾಗ ಬೀಗಿತ್ತಿ ಬೇಡವೆಂದು ಕೈ ಆಡಿಸಿದರು.

ಪರದೆಯ ಮೇಲೆ ಗೋಡೆಗೆ ಬಣ್ಣ ಬಳಿಯುವ ಒಬ್ಬ ಬಡಕಲು ಮನುಷ್ಯ ಏಣಿ ಹೊತ್ತು ಹೊರಟಿದ್ದ. ಯಾರೋ ಕರೆದರೆಂದು ತಿರುಗಿದ; ಏಣಿಯ ಹಿಂತುದಿ ಪೊಲೀಸಿನವನ ಟೋಪಿ ಹಾರಿಸಿತು. ಏನಾಯಿತೆಂದು ಮತ್ತೆ ತಿರುಗಿದ. ಪೊಲೀಸಿನವನೇ ಸುಣ್ಣದ ತೊಟ್ಟಿಗೆ ಬಿದ್ದ.

ಅಲ್ಲಿಯವರೆಗೆ ಮುಖ ಗಂಟಿಕ್ಕಿಕೊಂಡಿದ್ದ ಬೀಗರು 'ಹೋ' ಎಂದು ನಕ್ಕರು. ಎದ್ದು ನಿಂತು ಎದೆ ತಟ್ಟಿಕೊಂಡು ಗಾಳಿಯಲ್ಲೇ ಗೋಡೆಗೆ ಬಣ್ಣ ಬಳಿದರು. ತಮ್ಮ ಕಸುಬೂ ಅದೇ! ಒಮ್ಮೆ ತಮ್ಮ ಏಣಿ ಜಾರಿದ್ದನ್ನೂ ಬಣ್ಣದ ಡಬ್ಬ ಹಾರಿದ್ದನ್ನೂ ಅಭಿನಯಿಸಿದರು. ಡಬ್ಬ ಬಿದ್ದದ್ದು ತಮ್ಮ ತಲೆಯ ಮೇಲೆ ಎಂದು ಬೀಗಿತ್ತಿ ನೆತ್ತಿ ಮುಟ್ಟಿ ತೋರಿಸಿದರು. ಆಮೇಲೇ ತಮ್ಮಿಬ್ಬರ ಮದುವೆ ಆದದ್ದು ಎಂದು ಎರಡು ಬೆರಳು ಕೊಂಡಿ ಹಾಕಿದರು. ಹುಡುಗಿಯ ಅಮ್ಮನಿಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಅಂತೂ ಮಗಳು ಮೆಟ್ಟಿಲು ಹತ್ತಿ ಓಡಿ ಬಂದಾಗ ಒಳಗೆ ಧೊಪ್ಪೆಂದು ಸದ್ದಾಯಿತು. ಬಾಗಿಲು ತಳ್ಳಿದಳು. ಅಪ್ಪ ನೆಲದ ಮೇಲೆ ಬಿದ್ದಿದ್ದ.

"ಅಪ್ಪಾ! ಏನಾಯ್ತು?"

"ಏನಿಲ್ಲ ಮಗಾ. ಗಿರಾಕಿ ಮನೆ ಕಿಟಕಿಯಿಂದ ನಾನು ಬಿದ್ದಿದ್ನಲ್ಲ, ಅದನ್ನ ಬೀಗರಿಗೆ ತೋರಿಸ್ತಿದ್ದೆ."

ದಾರಿಯುದ್ದಕ್ಕೂ ಏನೇನೋ ಕೆಟ್ಟದ್ದು ಕಲ್ಪಿಸಿಕೊಂಡು ಬಂದಿದ್ದವಳು ಉಸ್ಸೆಂದು ಅಲ್ಲೇ ಕೂತಳು. ಹಿಂದಿನಿಂದ ಬಂದ ಹುಡುಗ ತಡವಾದದ್ದಕ್ಕೆ ಕ್ಷಮೆ ಕೇಳಲು ಬಾಯಿ ತೆರೆದ. ಅವನ ತಾಯಿ ತುಟಿಯ ಮೇಲೆ ಬೆರಳಿಟ್ಟು, ಸರಿದು ಅವನಿಗೂ ಜಾಗ ಮಾಡಿದರು.

ಮದುವೆಯ ಮಾತು ಚಿತ್ರ ಮುಗಿದ ಮೇಲೆ ಶುರುವಾಯಿತು. ಹೆಚ್ಚು ಹೊತ್ತು ಹಿಡಿಯಲಿಲ್ಲ.