ನಾನು ತುಳಿದ ಮೀನು

ಬಂತು, ತೆಂಗಿನ ಹಾಲಿನ ಹಿಂದೆ ಅಡಗಿಕೊಂಡು, ನಿಂಬೆಹುಲ್ಲು ಅರಿಶಿನ ಮೆತ್ತಿಕೊಂಡು, ಆದರೂ ಬಂತು ನನ್ನ ವಾಸನೆ, ಯಾರ ಮೂಗಿಗೆ ತಿಳಿಯದಿದ್ದರೂ ನನ್ನ ಮೂಗಿಗೆ ತಿಳಿಯುತ್ತದೆ, ನನ್ನ ಜಾಡಿಯ ಪ್ರಹೋಕ್ ಅದು, ಸಂಗ್ಕೆ ಹೊಳೆಯ ದಡದಲ್ಲಿ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಕಳಿಯಲು ಬಿಟ್ಟ ಮೀನು, ಬಡಿಸುವ ಹುಡುಗಿ ಮಣ್ಣಿನ ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜು ದಾಟಿ ಹೋಗುತ್ತಿದ್ದಾಳೆ, ಹೋಗಲಿ, ಅದು ನನಗಲ್ಲ, ಕಂಬದ ಆಚೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾಳಲ್ಲ, ನೇರಳೆ ರೇಷ್ಮೆಯ ಮುದುಕಿ, ಅವಳಿಗೆ — ಲೋಕ್ ಚುಮ್ತೀವ್ ವಣ್ಣಾರಿ, ದೊಡ್ಡ ಅಧಿಕಾರಿಯ ಹೆಂಡತಿಯಾದ್ದರಿಂದ ಎಲ್ಲರೂ ಹಾಗೇ ಕರೆಯಬೇಕು, ಅಧಿಕಾರಿ ಬೂದಿಯಾಗಿ ಪಗೋಡದ ಗೋಪುರ ಸೇರಿದರೂ ಇವಳು ಇನ್ನೂ ಲೋಕ್ ಚುಮ್ತೀವ್. ತಿನ್ನು ತಾಯಿ, ತಿನ್ನು. ನೀನು ತಿನ್ನುವುದನ್ನು ಕಣ್ಣಾರೆ ನೋಡಬೇಕೆಂದೇ ಬಟ್ಟಂಬಾಂಗ್‌ನಿಂದ ಕತ್ತಲಲ್ಲೇ ಬಸ್ಸು ಹತ್ತಿ ಫ್ನೋಮ್ ಪೆನ್‌ಗೆ ಬಂದಿದ್ದೇನೆ, ಸೊಂಟಕ್ಕೆ ಒಳ್ಳೆಯ ರೇಷ್ಮೆಯ ಸಂಪೋತ್ ಸುತ್ತಿ, ಕೈಗೆ ಬಂಗಾರ ಹಾಕಿ, ಈ ಹಳೇ ಮರದ ಬಂಗಲೆಯ ಹೋಟೆಲಿನಲ್ಲಿ ತಾವರೆಯ ದಳ ಮಡಚಿಟ್ಟ ಮೇಜಿನ ಮುಂದೆ ಕೂತಿದ್ದೇನೆ, ಮೂಲೆಯಲ್ಲಿ ಒಬ್ಬ ಬಿದಿರ ಪಟ್ಟಿಗಳ ರೊನೀತ್ ಬಾರಿಸುತ್ತಿದ್ದಾನೆ, ನನ್ನ ಮುಂದೆ ಬಾಳೆಲೆ ದೊನ್ನೆಯಲ್ಲಿ ಹಬೆಯಲ್ಲಿ ಬೆಂದ ಮೀನಿನ ಆಮೋಕ್ ಆರುತ್ತಿದೆ, ಆರಲಿ, ನನ್ನ ಹೊಟ್ಟೆ ಇವತ್ತು ಬೇರೆಯದಕ್ಕೆ ಹಸಿದಿದೆ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು ಬರಬೇಕು ಇಲ್ಲಿ, ಎಲ್ಲರದೂ ಬರಿಗಾಲು, ಅದು ಒಳ್ಳೆಯದೇ ಆಯಿತು, ಮೇಜಿನ ಕೆಳಗೆ ನನ್ನ ಬಿರುಕುಬಿಟ್ಟ ಹಿಮ್ಮಡಿಗಳು ಆ ಹೊಳೆಯುವ ಹಲಗೆಯ ಮೇಲೆ ಕೂತಿವೆ, ನನಗಿಂತ ಅವಕ್ಕೇ ಹೆಚ್ಚು ಅವಸರ.

ಕಾಲು ತೊಳ್ಕೊಂಡು ಬಾ ಅಂದಳು ಅವತ್ತು ಇದೇ ವಣ್ಣಾರಿ, ಮೊದಲ ಮಾತೇ ಅದು, ತೊಳೆದೆ, ಅವರ ಮನೆಯ ಮೆಟ್ಟಿಲ ಬುಡದ ಹಂಡೆಯಿಂದ ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ತೊಳೆದೆ, ಮನೆಗೆ ಹತ್ತುವ ಮೊದಲು ಯಾರಾದರೂ ತೊಳೆಯುತ್ತಾರೆ, ಅದರಲ್ಲೇನು — ಇನ್ನೊಂದ್ಸಲ ತೊಳಿ, ಅಂದಳು ಮೇಲಿನಿಂದ, ತೊಳೆದೆ, ಇಪ್ಪತ್ತು ತುಂಬದ ಹುಡುಗಿ ನಾನು, ಅವ್ವನ ಹೊಸ ರವಿಕೆ ಹಾಕಿಕೊಂಡು ಬಂದಿದ್ದೆ, ಕೈಯಲ್ಲಿ ಮಾವಿನಕಾಯಿ ಬುಟ್ಟಿ, ಎರಡು ಮೆಟ್ಟಿಲು ಹತ್ತಿದ್ದೆ ಅಷ್ಟೆ, ಅಯ್ಯೋ ಹೋಗಿಲ್ಲ ಕಣೇ ನಾತ, ಇಲ್ಲಿಗೇ ಹೊಡೀತಿದೆ, ಇಳಿದು ಮತ್ತೆ ತೊಳಿ, ಇಳಿದೆ, ಕೆಲಸದ ಹೆಂಗಸರು ಕಂಬದ ಹಿಂದೆ ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದರು, ಆಮೇಲೆ ಅವಳು ಎಷ್ಟು ಮೆಲ್ಲಗೆ ಹೇಳಿದಳೆಂದರೆ ಬೈಗುಳ ಎಂದು ತಿಳಿಯಲೇ ನನಗೆ ಹೊತ್ತು ಹಿಡಿಯಿತು, ಮದುವೆ ದಿನ ಗಂಡಿನ ಕಾಲು ತೊಳೆಯೋದು ಹೆಣ್ಣು, ನಿನ್ನ ಕಾಲು ತೊಳೆಯೋಕೆ ಯಾರನ್ನ ಕರೆಸ್ಲಿ ಹೇಳು, ಮೀನು ತುಳಿಯೋ ಜಾತಿ ನೀವು, ಹೊಳೆ ಬತ್ತಿದ್ರೂ ನಿಮ್ಮ ನಾತ ಬತ್ತಲ್ಲ, ನನ್ನ ಹೊಸಿಲು ತುಳೀಬೇಡ. ಮೆಟ್ಟಿಲ ಮೇಲೆ ಅವಳ ಹಿಂದೆ ನಿಂತಿದ್ದ ವಿರಾಕ್, ಅವಳ ಮಗ, ಬಾಳೆಲೆಯಲ್ಲಿ ಪ್ರಹೋಕ್ ಕಟ್ಟಿ ಕೊಟ್ಟರೆ ಕಾಲೇಜಿನ ಹಿಂದಿನ ಮರದಡಿ ಬೆರಳು ನೆಕ್ಕಿ ತಿನ್ನುತ್ತಿದ್ದವನು, ನಿನ್ನ ಕೈಯ ತುತ್ತು ಬಿಟ್ಟು ಬೇರೆ ಬೇಡ ಕೊಲಾಪ್ ಎನ್ನುತ್ತಿದ್ದವನು — ಅವನು ಬಾಯಿ ತೆರೆದ, ಈಗ ಹೇಳುತ್ತಾನೆ ಅಂದುಕೊಂಡೆ, ಹಂಡೆಯ ಪಕ್ಕ ಒದ್ದೆ ಕಾಲಲ್ಲಿ ನಿಂತು ಆ ಬಾಯನ್ನೇ ನೋಡಿದೆ, ಒಂದು ಮಾತೂ ಬರಲಿಲ್ಲ, ಬುಟ್ಟಿಗೆ ಬಿದ್ದ ರಿಯೆಲ್ ಮೀನುಗಳೂ ಹಾಗೇ ಬಾಯಿ ತೆರೆದಿರುತ್ತವೆ, ಅವಕ್ಕಾದರೂ ಸತ್ತಿದ್ದೇವೆಂಬ ನೆಪ ಇದೆ. ಮಾವಿನಕಾಯಿ ಬುಟ್ಟಿಯನ್ನು ಅಲ್ಲೇ ಇಟ್ಟು ಬಂದೆ.

ಅತ್ತಿದ್ದೆನೇ, ಅತ್ತೆ, ಒಂದು ಮಳೆಗಾಲ ಪೂರ್ತಿ, ಆಮೇಲೆ ಅಳುವುದಕ್ಕೆ ಪುರುಸೊತ್ತು ಸಿಗಲಿಲ್ಲ, ಸವುತ್‌ನನ್ನು ಕಟ್ಟಿಕೊಂಡೆ, ಒಳ್ಳೆಯವನು, ದೋಣಿಯವನು, ಒಂದು ಜಾಡಿ ನಾಲ್ಕಾಯಿತು, ಚಪ್ಪರವಾಯಿತು, ಈಗ ನನ್ನ ಕೈಕೆಳಗೆ ಹೆಂಗಸರ ಹಿಂಡೇ ಇದೆ, ನಾನು ಮೀನು ತುಳಿಯಲು ಬುಟ್ಟಿಗೆ ಇಳಿದು ವರ್ಷಗಳೇ ಆಗಿದ್ದವು, ಮೊಣಕಾಲು ನೋವು ಬೇರೆ. ಹೋದ ಚಳಿಗೆ ಮುಂಚೆ ಬೊರೈ ಬಂದಿದ್ದ, ಇದೇ ಹೋಟೆಲಿನ ಅಡುಗೆಮನೆಯವನು, ಜಾಡಿ ಎತ್ತಿಕೊಂಡು ಹೋಗಲು ಬರುವವನು, ಬಾಂಗ್ ಕೊಲಾಪ್, ಅಕ್ಕಾ ಅಂತ ಸುಮ್ಮನೆ ಕರಿಯಲ್ಲ ನಾನು, ನಿಮ್ಮಿಂದ ನಮ್ಮ ಹೊಟ್ಟೆ ತುಂಬ್ತಿದೆ, ಅಲ್ಲೊಬ್ಬರು ಲೋಕ್ ಚುಮ್ತೀವ್ ವಣ್ಣಾರಿ ಅಂತ, ಭಾನುವಾರ ತಪ್ಪಿಸಲ್ಲ, ನಿಮ್ಮ ಪ್ರಹೋಕ್ ಬಿಟ್ಟು ಇನ್ನೊಂದು ಕೇಳಲ್ಲ ಅಂದ. ಹೆಸರು ಕಿವಿಗೆ ಬಿದ್ದದ್ದೇ ತಡ, ಬೂದಿ ಹಾರಿ ಕೆಂಡ ಕಂಡಿತು. ಆ ಚಳಿಯಲ್ಲಿ ಮೀನು ಬಂದಾಗ ಸಂಪೋತ್ ಎತ್ತಿ ಕಟ್ಟಿ ನಾನೇ ಇಳಿದೆ, ತಲೆ ಕತ್ತರಿಸಿದ ಮೀನನ್ನು ಬಿದಿರ ಬುಟ್ಟಿಗೆ ಸುರಿಸಿ, ಹೊಳೆಯಂಚಿನ ತಣ್ಣೀರಿನಲ್ಲಿ ನಿಂತು ತುಳಿದೆ, ಪೊರೆ ಕಳಚುವವರೆಗೆ, ಜಿಡ್ಡು ನೀರಿನ ಮೇಲೆ ತೇಲುವವರೆಗೆ, ಇದು ಲೋಕ್ ಚುಮ್ತೀವ್‌ಗೆ, ಇದು ಲೋಕ್ ಚುಮ್ತೀವ್ ನಾಲಿಗೆಗೆ, ಬೆರಳ ಸಂದಿಯಲ್ಲಿ ಮೀನು ಪಿಚಕ್ಕೆನ್ನುತ್ತಿತ್ತು, ನನ್ನ ಹೆಂಗಸರು ನಕ್ಕಿದ್ದೇ ನಕ್ಕಿದ್ದು, ನೋಡ್ರೇ ಯಜಮಾನೀನ, ನಿನ್ನೆ ಮಂಡಿ ನೋವು ಅಂತ ನರಳ್ತಿದ್ಲು, ಇವತ್ತು ಬುಟ್ಟಿಯೊಳಗೆ ಕುಣೀತಾಳೆ, ಸವುತ್ ಅಣ್ಣ ಏನಾದ್ರೂ ಕುಡಿಸಿದ್ನಾ. ಆ ಜಾಡಿಯನ್ನು ಬೇರೆ ಇಟ್ಟೆ, ಬಾಯಿಗೆ ಕೆಂಪು ಬಟ್ಟೆ ಕಟ್ಟಿ, ಯಾರಿಗೂ ಮುಟ್ಟಗೊಡಲಿಲ್ಲ, ಮೀನಿನ ಜೊತೆ ಸಿಟ್ಟೂ ಕಳಿಯಿತು, ಉಪ್ಪಿನಲ್ಲಿಟ್ಟದ್ದು ಕೆಡುವುದಿಲ್ಲವಲ್ಲ, ಹದಕ್ಕೆ ಬಂದ ಮೇಲೆ ಬೊರೈ ಕೈಗೆ ಕೊಟ್ಟೆ, ಈ ಭಾನುವಾರ ಇದನ್ನೇ ಒಡಿ ತಮ್ಮಾ ಎಂದೆ. ಅವನು ಯಾಕೆ ಅಂತಲೂ ಕೇಳಲಿಲ್ಲ.

ಮುದುಕಿ ಕುಡಿಕೆಯ ಮುಚ್ಚಳ ತೆಗೆದಳು, ಹಬೆ ಎದ್ದಿತು, ಸುತ್ತ ಸೌತೆಕಾಯಿ, ಎಲೆಕೋಸು, ಗುಂಡು ಬದನೆ ಹೆಚ್ಚಿಟ್ಟಿದ್ದಾರೆ, ಚಮಚ ಅದ್ದಿದಳು, ಮೊದಲು ತಾನು ನಾಲಿಗೆಗೆ ಮುಟ್ಟಿಸಿದಳು, ಮುಟ್ಟಿಸಿದಳು, ಸಂತೋಷ, ಎದೆಯಲ್ಲಿ ರೊನೀತ್ ಬಡಿದ ಹಾಗಾಯಿತು, ನುಂಗಿದಳು, ನನ್ನ ಹಿಮ್ಮಡಿ ನುಂಗಿದಳು, ಮಾಡಿದ್ದುಣ್ಣೋ ಮಹಾರಾಯ, ಪೂರ್ತಿ ಉಣ್ಣಲಿ, ಕುಡಿಕೆ ಬಳಿದು ಮುಗಿಸಲಿ, ಆಮೇಲೆ ಎದ್ದು ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ, ವಾಕ್ಯ ಬಾಯಿಪಾಠವಾಗಿದೆ. ಆದರೆ ಎರಡನೆಯ ಚಮಚ ಅವಳ ಬಾಯಿಗೆ ಹೋಗಲಿಲ್ಲ, ಅನ್ನದೊಂದಿಗೆ ಕಲಸಿ, ಊದಿ, ಎದುರಿಗೆ ಚಾಚಿದಳು — ಎದುರಿಗೆ ಕೂತವನು ಡ್ರೈವರ್ ಎಂದುಕೊಂಡಿದ್ದೆ, ನನಗೆ ಕಾಣುತ್ತಿದ್ದುದು ಬೋಳುತಲೆಯ ಹಿಂಭಾಗ ಮಾತ್ರ, ಕುತ್ತಿಗೆಗೆ ಮಗುವಿಗೆ ಕಟ್ಟುವಂತೆ ಕ್ರಮಾ ಬಟ್ಟೆ ಕಟ್ಟಿದ್ದರು, ಕುರ್ಚಿಗೆ ಗಾಲಿ ಇತ್ತು, ಗಾಲಿ ನಾನು ನೋಡಿರಲೇ ಇಲ್ಲ, ಹಗೆಗೆ ಎರಡೂ ಕಣ್ಣು ಕುರುಡೇನೋ — ಪಕ್ಕದ ಗೋಡೆಯ ಕನ್ನಡಿಗೆ ಕಣ್ಣು ಹೋಯಿತು, ಅರ್ಧ ಮುಖ ಜೋತು ಬಿದ್ದಿತ್ತು, ಒಂದು ಕೈ ತೊಡೆಯ ಮೇಲೆ ಯಾರೋ ಮರೆತು ಹೋದ ಹಾಗಿತ್ತು, ಬಾಯಿ ತೆರೆಯಿತು. ಆ ಬಾಯಿ. ವಿರಾಕ್. ಥೂ, ಬೊರೈ, ಮಗ ಲಕ್ವ ಹೊಡೆದು ಬಿದ್ದಿದ್ದಾನೆಂದು ಒಂದು ಮಾತು ಹೇಳಬಾರದಿತ್ತೇ, ಹೇಳಿದ್ದರೆ ಏನು ಮಾಡುತ್ತಿದ್ದೆ, ತುಳಿಯುವುದು ಬಿಡುತ್ತಿದ್ದೆನೇ, ಇಲ್ಲ, ಇನ್ನೂ ಬಲವಾಗಿ ತುಳಿಯುತ್ತಿದ್ದೆ, ಅವನೇನು ಸಾಚಾನೇ, ನನಗೆ ಮರುಕ ಬರಬಾರದು, ಬರುತ್ತಿಲ್ಲ, ಏಳು ಕೊಲಾಪ್, ಕುಡಿಕೆ ಖಾಲಿಯಾಗುವವರೆಗೆ ಕಾಯಬೇಡ, ಈಗಲೇ ಏಳು. ಎದ್ದೆ.

ಹಲಗೆ ತಣ್ಣಗಿತ್ತು, ನಾಲ್ಕಾರು ಮೇಜು ದಾಟಿದೆ, ಅವಳ ಮುಂದೆ ನಿಂತು ಕೈ ಮುಗಿದೆ, ದೊಡ್ಡವರಿಗೆ ಮೂಗಿನವರೆಗೆ ಎತ್ತಬೇಕು, ನಾನು ಎದೆಗಿಂತ ಮೇಲೆತ್ತಲಿಲ್ಲ, ಅವಳು ಅದನ್ನು ನೋಡಿದಳು, ಲೋಕ್ ಚುಮ್ತೀವ್, ಪ್ರಹೋಕ್ ಹೇಗಿದೆ ಎಂದೆ, ಚೆನ್ನಾಗಿದೆ ಎಂದಳು, ಆಗಲೇಬೇಕು, ನಾನೇ ತುಳಿದದ್ದು, ಈ ಕಾಲಲ್ಲೇ, ಮೂರು ಸಲ ತೊಳೆದ್ರೂ ನಾತ ಹೋಗದ ಕಾಲಲ್ಲಿ, ನೋಡ್ಕೊಳ್ಳಿ ಸರಿಯಾಗಿ — ಪಕ್ಕದ ಮೇಜಿನವರು ತಿರುಗಿದರು, ರೊನೀತ್ ನಿಂತಿತು. ಮುದುಕಿ ನನ್ನ ಪಾದಗಳನ್ನು ನೋಡಿದಳು, ಅವಸರವಿಲ್ಲದೆ, ಬೆರಳು ಬೆರಳನ್ನೂ, ಆಮೇಲೆ ಹೇಳಿದಳು, ಗೊತ್ತು ಕೊಲಾಪ್. ಏನು ಗೊತ್ತು ಎಂದೆ. ಇವನು ಬಿದ್ದ ಮೇಲೆ ಏನೂ ನುಂಗ್ತಿರಲಿಲ್ಲ, ಗಂಜಿ ಉಗುಳ್ದ, ಹಣ್ಣು ಉಗುಳ್ದ, ಹೆಂಡ್ತಿ ಬಿಟ್ಟು ಹೋದ್ಲು, ಸಾಯ್ತಾನೆ ಅಂದ್ರು ಡಾಕ್ಟ್ರು, ಊರಲ್ಲಿರೋ ಪ್ರಹೋಕ್ ಎಲ್ಲಾ ತಂದೆ, ಅದನ್ನೂ ಉಗುಳ್ದ, ಇಲ್ಲಿದು ನಾಲಿಗೆಗೆ ಬಿದ್ದ ದಿನ ನುಂಗ್ದ, ಕಣ್ಣಲ್ಲಿ ನೀರು ಬಂತು ಅವನಿಗೆ, ಅವತ್ತೇ ಅಡುಗೆಮನೆಗೆ ಹೋಗಿ ಯಾರದು ಅಂತ ಕೇಳ್ದೆ, ನಿನ್ನ ಹೆಸರು ಹೇಳಿದ್ರು, ಅವತ್ತಿಂದ ಭಾನುವಾರ ಇಲ್ಲೇ ಉಣ್ಣಿಸ್ತೀನಿ, ವಾರಕ್ಕಾಗೋಷ್ಟು ಕಟ್ಟಿಸ್ಕೊಂಡು ಹೋಗ್ತೀನಿ, ಇದಕ್ಕಿಂತ ನಿನ್ನ ಕಾಲಿಗೆ ಬೀಳೋದು ಇನ್ನು ಹ್ಯಾಗೆ, ಬೈಯೋದಿದ್ರೆ ಬೇಗ ಬೈದು ಬಿಡು, ಆರಿದ್ರೆ ಅವನು ನುಂಗಲ್ಲ.

ಇದನ್ನೂ ಕಿತ್ತುಕೊಂಡಳು, ವರ್ಷಗಟ್ಟಲೆ ಉಪ್ಪಿನಲ್ಲಿಟ್ಟ ನನ್ನ ಒಂದೇ ಒಂದು ಮಾತನ್ನೂ ನನಗಿಂತ ಮೊದಲೇ ಅಗಿದು ನುಂಗಿ ಕೂತಿದ್ದಾಳೆ ರಾಕ್ಷಸಿ, ನಾಚಿಕೆಯೂ ಇಲ್ಲ, ನಾಚಿಕೆಪಡಿಸಲು ಏನೂ ಉಳಿಸಿಲ್ಲ, ಅಳಬೇಕಾದವಳು ಅವಳು, ಅಳುವುದು ಬಿಟ್ಟು ಚಮಚವನ್ನು ನನ್ನತ್ತ ತಿರುಗಿಸಿದಳು, ಕೈ ನಡುಗತ್ತೆ ನಂಗೆ, ಅರ್ಧ ಬಟ್ಟೆ ಮೇಲೇ ಬೀಳತ್ತೆ, ನೀನೇ ಹಾಕು ಎಂದು ಚಮಚವನ್ನು ನನ್ನ ಕೈಗೆ ತುರುಕಿದಳು, ತುರುಕಿಯೇ ಬಿಟ್ಟಳು, ಬಿಸಿ ಚಮಚ, ನನ್ನ ಮೀನು, ಈಗಲೇ ಸಿಕ್ಕಿತು ನೋಡು ನಿಜವಾದದ್ದು, ಬೈಯುವುದೇನೂ ಬೇಡ, ಇದನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದರೆ ಸಾಕು, ಬೊರೈಗೆ ಇನ್ನು ಜಾಡಿ ಇಲ್ಲ ಎಂದರೆ ಸಾಕು, ಒಂದೇ ತಿಂಗಳು, ಇವಳು ಊರೂರು ಅಲೆದು ಜಾಡಿ ಜಾಡಿ ಮುಟ್ಟಿ ಮೂಸಿ ಬೇಡಲಿ, ಇಡು ಕೊಲಾಪ್, ಇಟ್ಟುಬಿಡು, ಕೈ ಕೆಳಗಿಳಿಸು — ಅವನು ನನ್ನನ್ನು ನೋಡುತ್ತಿದ್ದಾನೆ, ಒಂದು ಕಣ್ಣು ಮಾತ್ರ ನೋಡುತ್ತಿದೆ, ಗುರುತು ಸಿಕ್ಕಿತೋ ಇಲ್ಲವೋ, ಕೆಳತುಟಿಯ ಮೇಲೆ ಒಂದು ಅಗುಳು ಅಂಟಿಕೊಂಡಿದೆ, ಬಾಯಿ ತೆರೆದ, ನಾನು ಇಡಬೇಕು, ಇಡುತ್ತೇನೆ, ಬಾಯಿ ತೆರೆದಿದ್ದಾನೆ, ಹೇಳಲು ಅಲ್ಲ, ಉಣ್ಣಲು, ಆರುತ್ತಿದೆ, ಆ ಬಾಯಿ, ತೆರೆದ ಬಾಯಿ, ಮುಚ್ಚುತ್ತಿಲ್ಲ, ತೆರೆದೇ ಇದೆ ಆ ಬಾಯಿ