ನಾಲ್ಕನೇ ಪೆಟ್ಟಿಗೆ

ಸೈನ್ಯದವರು ‘ತುಂಬ ಚೆನ್ನಾಗಿದೆ’ ಅಂದರೆ ಇನ್ನು ಮನೆಗೆ ಹೊರಡಿ ಎಂದರ್ಥ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಹೊಸದಾಗಿ ಕಂಪನಿ ಕಟ್ಟಿದವರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬರುತ್ತಾರೆ, ಮುಖ ಊರಗಲ. ‘ವರ್ಲೀನ್ ಮೇಡಂ, ಕರ್ನಲ್ ಸಾಹೇಬ್ರು ತುಂಬ ಚೆನ್ನಾಗಿದೆ ಅಂದ್ರು, ಇನ್ನೇನು ಆರ್ಡರ್ ಬಂದಂಗೇ’ ಎನ್ನುತ್ತಾರೆ. ‘ಕರ್ನಲ್ ತನ್ನ ಅತ್ತೆ ಮಾಡಿದ ಕೇಕಿಗೂ ಹಂಗೇ ಅಂತಾನೆ, ಕೂತ್ಕೊಳ್ಳಿ’ ಎನ್ನುತ್ತೇನೆ.

ನಾನು ವರ್ಲೀನ್ ಆಕ್ಸೆಂಡೈನ್. ನಾರ್ತ್ ಕ್ಯಾರೊಲಿನಾದ ಈ ಊರಿನ ಪಕ್ಕದ ದಂಡಿನಲ್ಲೇ ಉಗ್ರಾಣದ ಸಾರ್ಜೆಂಟ್ ಆಗಿದ್ದು ನಿವೃತ್ತಳಾದವಳು. ಈಗ ಸಣ್ಣ ಕಂಪನಿಗಳ ಕೈಹಿಡಿದು ಅದೇ ದಂಡಿನ ಬಾಗಿಲಿಗೆ ಕರೆದೊಯ್ಯುವುದು ನನ್ನ ಕೆಲಸ. ಆ ಬಾಗಿಲು ತೆರೆಯುವುದು ಒಂದೇ ಮಾತಿಗೆ: ‘ಬೇಕು’. ಯಾವುದಾದರೂ ತುಕಡಿಯವರು ಖರೀದಿ ಅಧಿಕಾರಿಯ ಎದುರು ಕೂತು ‘ಇದು ನಮಗೆ ಬೇಕು’ ಎಂದು ಬಾಯಿಬಿಟ್ಟು ಹೇಳಬೇಕು. ಅದಿಲ್ಲದೆ ಸಾಕ್ಷಾತ್ ಜನರಲ್ ಬಂದು ಬೆನ್ನು ತಟ್ಟಿದರೂ ಸರ್ಕಾರ ಒಂದು ಗುಂಡುಸೂಜಿ ಕೊಳ್ಳುವುದಿಲ್ಲ. ಆದರೆ ಸಿಪಾಯಿಗಳ ಬಾಯಲ್ಲಿ ಆ ಮಾತು ಬರುವುದು ಬಲು ಅಪರೂಪ. ಇದ್ದುದರಲ್ಲೇ ಸುಧಾರಿಸಿಕೊಳ್ಳಲು ಅವರಿಗೆ ಮೊದಲ ದಿನದಿಂದ ಕಲಿಸಿರುತ್ತಾರೆ. ಬೇಕು ಅಂದವನು ಕೈಲಾಗದವನು ಎಂಬುದು ಅವರ ಲೆಕ್ಕ.

ಕ್ಲಾರಿಸ್ ವೆಂಗರ್ ಬಂದದ್ದು ಬೇಸಿಗೆಯ ನಡುವಿನಲ್ಲಿ. ಪೆನ್ಸಿಲ್ವೇನಿಯಾ ಕಡೆಯವಳು, ಯುದ್ಧವೇ ಪಾಪ ಅನ್ನುವ ಮೆನೊನೈಟ್ ಮನೆತನದಲ್ಲಿ ಹುಟ್ಟಿದವಳು. ಸುಳ್ಳು ಹೇಳುವುದಂತೂ ಅವಳ ಜಾಯಮಾನದಲ್ಲೇ ಇಲ್ಲ. ಇಂಥವಳು ನಮ್ಮ ದಂಡಿಗೆ ಏನು ಮಾರುತ್ತಾಳಪ್ಪಾ ಎಂದುಕೊಂಡೆ. ಅವಳು ಚೀಲದಿಂದ ತೆಗೆದದ್ದು ಊಟದ ಡಬ್ಬಿಗಿಂತ ಚಿಕ್ಕದೊಂದು ಪೆಟ್ಟಿಗೆ. ಗಾಯಾಳುಗಳಿಗೆ ಏರಿಸುವ ರಕ್ತವನ್ನು ತಣ್ಣಗೆ ಇಟ್ಟಿರುತ್ತಾರೆ. ಅದನ್ನು ಹಾಗೇ ಕೊಟ್ಟರೆ, ರಕ್ತ ಸೋರಿ ಆಗಲೇ ತಣ್ಣಗಾಗುತ್ತಿರುವವನು ಇನ್ನಷ್ಟು ತಣ್ಣಗಾಗಿ ಕೈತಪ್ಪಿ ಹೋಗುತ್ತಾನೆ. ಕೊಳವೆ ಬ್ಯಾಟರಿಯಿಂದ ನಡೆಯುವ ಈ ಪೆಟ್ಟಿಗೆಯನ್ನು ಹಾದು ಬಂದರೆ ರಕ್ತ ಮೈಬಿಸಿಗೆ ಬರುತ್ತದೆ.

‘ಸೆಪ್ಟೆಂಬರ್‌ವರೆಗೆ ನಡೆಸ್ಬಹುದು’ ಅಂದಳು. ‘ಅಷ್ಟರಲ್ಲಿ ಯಾರೂ ತಗೊಳ್ಳಲಿಲ್ಲ ಅಂದ್ರೆ ಕಂಪನಿ ಮುಚ್ಚಿ ಹಳೇ ಆಸ್ಪತ್ರೆ ಕೆಲಸಕ್ಕೆ ಹೋಗ್ತೀನಿ. ಜೊತೆಗಿದ್ದೋರು ಆಗಲೇ ಹೋಗಿಬಿಟ್ರು.’

ನನಗೆ ಅವಳು ಹಿಡಿಸಿದಳು. ಮಧ್ಯಾಹ್ನದ ನನ್ನ ಬುತ್ತಿಯಲ್ಲಿ ಅರ್ಧ ಕೊಟ್ಟೆ, ಕರಿದ ಮೆಕ್ಕೆಜೋಳದ ರೊಟ್ಟಿಯ ನಡುವೆ ಕೊಲಾರ್ಡ್ ಸೊಪ್ಪು. ಎರಡು ಕೈಯಲ್ಲಿ ಹಿಡಿದು ಎಣ್ಣೆ ಸೋರಿಸಿಕೊಂಡು ತಿಂದಳು.

ದಂಡಿನ ವೈದ್ಯಕೀಯ ತುಕಡಿಯೊಂದರ ಮುಖ್ಯಸ್ಥ ಸಾರ್ಜೆಂಟ್ ಎಸ್ಕೊಬೆಡೊ ನನಗೆ ಹಳೆಯ ಪರಿಚಯ. ಮುಖ ನೋಡಿದರೆ ಕಲ್ಲು, ಒಳಗೆ ಒಳ್ಳೆಯವನು. ಅವನನ್ನು ಒಪ್ಪಿಸಿ ಕ್ಲಾರಿಸ್‌ಳ ನಾಲ್ಕೂ ಪೆಟ್ಟಿಗೆಗಳನ್ನು ಚಾರ್ಜರ್ ಸಮೇತ ಪೈನ್ ಕಾಡಿನ ತರಬೇತಿಗೆ ಎರವಲು ಕೊಡಿಸಿದೆ. ಕೊಡುವಾಗ ಅವಳು ಕೇಳಿದ್ದಳು, ‘ಈಗ ಇದಿಲ್ದೆ ರಕ್ತ ಹೇಗೆ ಬಿಸಿ ಮಾಡ್ತೀರಿ?’ ಅವನು ‘ಹೆಂಗೋ ಆಗುತ್ತೆ ಮೇಡಂ’ ಎಂದು ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದ.

ತರಬೇತಿ ಮುಗಿದ ಮೇಲೆ ವಾಪಸ್ ತರಲು ಇಬ್ಬರೂ ಹೋದೆವು. ಮೇಜಿನ ಮೇಲೆ ಮೂರು ಪೆಟ್ಟಿಗೆಗಳಿದ್ದವು, ಒರೆಸಿ ಫಳಫಳ ಮಾಡಿ ಇಟ್ಟಿದ್ದರು. ಚಾರ್ಜರ್‌ಗಳು ಮಾತ್ರ ನಾಲ್ಕು.

‘ಇನ್ನೊಂದು?’ ಎಂದಳು ಕ್ಲಾರಿಸ್.

‘ಕಾಡಲ್ಲಿ ಎಲ್ಲೋ ಬಿದ್ದೋಯ್ತು ಮೇಡಂ. ಹುಡುಕಿದ್ವಿ, ಸಿಗಲಿಲ್ಲ.’

‘ಉಪಯೋಗ ಹೇಗಿತ್ತು?’

‘ತುಂಬ ಚೆನ್ನಾಗಿತ್ತು ಮೇಡಂ.’

ಅವಳ ಕಿವಿ ಕೆಂಪಗಾಯಿತು. ನಾನು ತುಟಿ ಕಚ್ಚಿಕೊಂಡು ಹೊರಗೆ ಬಂದೆ, ಕಾರಿನ ಬಾಗಿಲು ಹಾಕಿದ್ದೇ ತಡ, ನಗು ತಡೆಯಲಾಗಲಿಲ್ಲ.

‘ನಗೋಕೆ ಏನಿದೆ ಇದ್ರಲ್ಲಿ? ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ. ನಾನು ದೂರು ಕೊಡ್ತೀನಿ.’

‘ಕದ್ದಿದಾರೆ ಕಣೇ ತಂಗಿ, ಕದ್ದಿದಾರೆ. ಇದಕ್ಕಿಂತ ಒಳ್ಳೇ ಸುದ್ದಿ ಬೇಕಾ ನಿನಗೆ? ಸೈನ್ಯದಲ್ಲಿ ಬೇಡದ ಸಾಮಾನು ತೊಳೆದು ಒರೆಸಿಕೊಂಡು ವಾಪಸ್ ಬರುತ್ತೆ. ಬೇಕಾದ್ದು ಕಾಡಲ್ಲಿ ಬಿದ್ದೋಗುತ್ತೆ, ಇಲ್ಲಾ ನದಿ ಪಾಲಾಗುತ್ತೆ. ನನ್ನ ಕಾಲದಲ್ಲಿ ಒಳ್ಳೊಳ್ಳೇ ಟಾರ್ಚೆಲ್ಲ ನದಿಗೇ ಬೀಳ್ತಿದ್ವು. ಆ ನದಿ ಇಷ್ಟೊತ್ತಿಗೆ ದೀಪಾಲಂಕಾರ ಆಗಿರ್ಬೇಕಿತ್ತು.’

‘ನಮ್ಮೂರಲ್ಲಿ ಇದಕ್ಕೆ ಕಳ್ಳತನ ಅಂತಾರೆ.’

‘ನಮ್ಮೂರಲ್ಲಿ ಇದಕ್ಕೆ ಮೆಚ್ಚುಗೆ ಅಂತಾರೆ. ನೀನು ದೂರು ಕೊಟ್ಟೆ ಅಂತಿಟ್ಕೋ, ಅವನ ತೋಳಿನ ಸಾರ್ಜೆಂಟ್ ಪಟ್ಟಿ ಕಿತ್ಹಾಕ್ತಾರೆ. ಆಮೇಲೆ ಈ ದಂಡಲ್ಲಿ ನಿನಗೆ ನೀರು ಕೊಡೋರೂ ಇರಲ್ಲ.’

ಅವಳು ಕಿಟಕಿಯಾಚೆ ನೋಡುತ್ತ ಕುಳಿತಳು. ನಾನು ದಾರಿಯುದ್ದಕ್ಕೂ ಹಾಡು ಗುನುಗುತ್ತ ಗಾಡಿ ಓಡಿಸಿದೆ. ಖರೀದಿ ಅಧಿಕಾರಿ ಪ್ರೂಯಿಟ್ ಮುಂದಿನ ಮಂಗಳವಾರಕ್ಕೆ ಸಭೆ ಕರೆದಿದ್ದರು, ಎಸ್ಕೊಬೆಡೊ ಬಂದು ಆ ಒಂದು ಮಾತು ಹೇಳುವುದಷ್ಟೇ ಬಾಕಿ ಎಂದುಕೊಂಡಿದ್ದೆ.

ಮಾರನೇ ದಿನವೇ ದಂಡಿನಿಂದ ಫೋನ್ ಬಂತು. ಸಾರ್ಜೆಂಟ್ ಎಸ್ಕೊಬೆಡೊ ಸಭೆಗೆ ಬರುವುದಿಲ್ಲವಂತೆ, ಬೇರೆ ಕೆಲಸವಿದೆಯಂತೆ. ನನ್ನ ನಗು ಅಲ್ಲೇ ಒಣಗಿಹೋಯಿತು. ಉಗ್ರಾಣದಲ್ಲಿ ಅಷ್ಟು ವರ್ಷ ಕಳೆದವಳಿಗೆ ಇದು ಮೊದಲೇ ಹೊಳೆಯಬಾರದಿತ್ತೇ ಎಂದು ನನ್ನ ಮೇಲೆ ನನಗೇ ರೇಗಿತು. ಕದ್ದವನು ಅಧಿಕಾರಿಯ ಎದುರು ಬಂದು ಆ ಪೆಟ್ಟಿಗೆಯ ಮಾತೆತ್ತುತ್ತಾನೆಯೇ? ಅವನಿಗೆ ಬೇಕಾದ್ದು ಅವನ ಕೈಸೇರಿದೆ. ಇನ್ನು ಕ್ಲಾರಿಸ್ ಯಾರೋ, ಅವನು ಯಾರೋ.

ಸುದ್ದಿ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. ಐಸ್ ಹಾಕಿದ ಚಹಾವನ್ನು ಗಿರಗಿರ ತಿರುಗಿಸುತ್ತ ಕೂತಿದ್ದಳು.

‘ಅವರು ಚಾರ್ಜರ್ ವಾಪಸ್ ಕೊಟ್ಟುಬಿಟ್ಟಿದಾರಲ್ಲ’ ಅಂದಳು ಆಮೇಲೆ.

‘ಕೊಡ್ಲೇಬೇಕಲ್ಲಮ್ಮ. ಪೆಟ್ಟಿಗೆ ಕಾಡಲ್ಲಿ ಬಿದ್ದಿದ್ರೆ ಚಾರ್ಜರ್ ಯಾಕೆ ಬೀಳುತ್ತೆ? ಸುಳ್ಳು ನಿಲ್ಬೇಕಲ್ಲ.’

‘ಹಾಗಾದ್ರೆ ಬ್ಯಾಟರಿ ಇಷ್ಟೊತ್ತಿಗೆ ಇಳಿದಿರುತ್ತೆ.’ ಎದ್ದು ಚೀಲ ಹೆಗಲಿಗೆ ಹಾಕಿದಳು. ‘ನಡೀರಿ, ದಂಡಿಗೆ ಹೋಗೋಣ.’

ಇವಳು ಜಗಳಕ್ಕೇ ಹೊರಟಳು ಎಂದುಕೊಂಡೆ. ಏನೂ ಮಾತಾಡಬೇಡ, ನಾನು ಮಾತಾಡ್ತೀನಿ ಎಂದು ದಾರಿಯಲ್ಲಿ ಎಷ್ಟು ಬೇಡಿಕೊಂಡರೂ ಹೂಂ ಅನ್ನಲಿಲ್ಲ. ಎಸ್ಕೊಬೆಡೊ ಒಬ್ಬನೇ ಕೂತು ಪ್ರಥಮ ಚಿಕಿತ್ಸೆಯ ಚೀಲಗಳನ್ನು ತುಂಬಿಸುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ಕ್ಲಾರಿಸ್ ನಾಲ್ಕನೇ ಚಾರ್ಜರನ್ನು ಅವನ ಮುಂದೆ ಇಟ್ಟಳು.

‘ಇದು ನಮ್ಮ ಹತ್ರ ಸುಮ್ನೆ ಬಿದ್ದಿದೆ ಸಾರ್ಜೆಂಟ್. ಪೆಟ್ಟಿಗೆ ಯಾರಿಗಾದ್ರೂ ಸಿಕ್ಕಿದ್ರೆ ಅವರಿಗೆ ಬೇಕಾಗುತ್ತೆ.’

ಅವನು ಚಾರ್ಜರನ್ನು ನೋಡಿದ, ಅವಳನ್ನು ನೋಡಿದ. ‘ಕಾಡಲ್ಲಿ ಕರೆಂಟ್ ಎಲ್ಲಿದೆ ಮೇಡಂ?’

‘ನಿಮ್ಮ ಕಾಡಿನ ಜಿಂಕೆಗಳು ಜಾಣರು ಅಂತ ಕೇಳಿದೀನಿ.’

ಅವನ ತುಟಿಯ ತುದಿ ಅಲುಗಿತು. ಅವಳು ಹೊರಡಲು ತಿರುಗಿ ಮತ್ತೆ ನಿಂತಳು. ‘ಕೆಟ್ಟೋದ್ರೆ ನನಗೆ ಫೋನ್ ಮಾಡೋಕೆ ಹೇಳಿ, ರಿಪೇರಿ ಮಾಡಿ ಕೊಡ್ತೀನಿ. ಯಾರು, ಏನು ಅಂತ ಕೇಳಲ್ಲ. ಆದ್ರೆ ಸೆಪ್ಟೆಂಬರ್‌ವರೆಗೆ ಮಾತ್ರ. ಆಮೇಲೆ ಆ ಫೋನ್ ಎತ್ತೋರು ಯಾರೂ ಇರಲ್ಲ.’

ಸಿಟ್ಟಿಲ್ಲ, ಕೊಂಕಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಒಂದಕ್ಷರ ಸುಳ್ಳೂ ಇರಲಿಲ್ಲ. ನಾನು ಅವಳ ಹಿಂದೆ ನಡೆದೆ.

ಮಂಗಳವಾರ ಪ್ರೂಯಿಟ್ ಅವರ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಪ್ರೂಯಿಟ್ ಕೆಟ್ಟವರಲ್ಲ, ಗಡಿಯಾರದ ಮನುಷ್ಯ. ‘ನೋಡಿ ಮಿಸ್ ವೆಂಗರ್, ವಸ್ತು ಚೆನ್ನಾಗಿದೆ. ಆದ್ರೆ ಬೇಕು ಅಂದೋರು ಯಾರೂ ಇಲ್ವಲ್ಲ’ ಎಂದು ಪೆನ್ನು ಮುಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

ಎಸ್ಕೊಬೆಡೊ ಒಳಗೆ ಬಂದು ಮೇಜಿನ ಮೇಲೆ ಪೆಟ್ಟಿಗೆ ಇಟ್ಟ. ಕ್ಲಾರಿಸ್‌ಗೆ ಅದರ ಗುರುತೇ ಹತ್ತಲಿಲ್ಲ. ಅವಳು ಆಸೆಪಟ್ಟು ಕೂರಿಸಿದ್ದ ನೀಲಿ ದೀಪ, ಇರುಳಲ್ಲಿ ಹೊಳೆದು ಶತ್ರುವಿಗೆ ಕಾಣದಿರಲೆಂದು, ಕಪ್ಪು ಟೇಪಿನಡಿ ಹೋಗಿತ್ತು, ಕಂಪನಿಯ ಹೆಸರೂ ಹೋಗಿತ್ತು. ಮೂಲೆಗಳು ತರಚಿದ್ದವು. ಕಳೆಯದಿರಲೆಂದು ಹಸಿರು ಹಗ್ಗದಿಂದ ಒಂದು ಚೀಲದ ಪಟ್ಟಿಗೆ ಬಿಗಿದಿದ್ದರು.

‘ಕಾಡಲ್ಲಿ ಸಿಕ್ತು ಸರ್’ ಎಂದ.

ಪ್ರೂಯಿಟ್ ಟೇಪನ್ನು ನೋಡಿದರು, ಹಗ್ಗವನ್ನು ನೋಡಿದರು. ಅವರೂ ಹಿಂದೆ ಸಮವಸ್ತ್ರ ಹಾಕಿದ್ದವರೇ. ‘ಕಾಡು ಚೆನ್ನಾಗಿ ನೋಡ್ಕೊಂಡಿದೆ’ ಎಂದರು. ‘ಇಷ್ಟು ದಿನ ಇದಿಲ್ದೆ ನಡೀತಿತ್ತಲ್ಲ ಸಾರ್ಜೆಂಟ್. ಏನು ಮಾಡ್ತಿದ್ರಿ?’

ಕ್ಲಾರಿಸ್ ಕೇಳಿದ್ದ ಅದೇ ಪ್ರಶ್ನೆ. ಈ ಸಲ ಅವನು ಟೊಪ್ಪಿಗೆಯನ್ನು ಕೈಯಲ್ಲಿ ಹಿಸುಕುತ್ತ ನಿಂತ.

‘ರಕ್ತದ ಚೀಲಾನ ಅಂಗಿ ಒಳಗೆ ಹಾಕ್ಕೊಂಡು ಹೊಟ್ಟೆಗೆ ಒತ್ತಿ ಹಿಡ್ಕೋತೀವಿ ಸರ್. ಮೈಬಿಸಿಗೆ ಒಂಚೂರು ಬೆಚ್ಚಗಾಗುತ್ತೆ. ಒಬ್ಬ ಹುಡುಗ ಇದ್ದ ನಮ್ಮಲ್ಲಿ. ಅವನಿಗೆ ಗಾಯ ಆದಾಗ್ಲೂ ಹಂಗೇ ಮಾಡ್ದೆ, ಹೆಲಿಕಾಪ್ಟರ್ ಬರೋವರೆಗೂ ಚೀಲ ಅಪ್ಕೊಂಡೇ ಕೂತಿದ್ದೆ.’ ಪೆಟ್ಟಿಗೆಯ ಮೇಲೆ ಕೈಯಿಟ್ಟ. ‘ನನ್ನ ಮೈಬಿಸಿ ಸಾಲಲಿಲ್ಲ ಸರ್. ಇದು ನಮಗೆ ಬೇಕು.’

ಪ್ರೂಯಿಟ್ ಪೆನ್ನಿನ ಮುಚ್ಚಳ ತೆಗೆದರು. ಕ್ಲಾರಿಸ್ ತಲೆ ತಗ್ಗಿಸಿ ಕೂತಿದ್ದಳು. ನನ್ನ ಕಣ್ಣು ತುಂಬಿ ಬಂದಿತ್ತು, ಮುಚ್ಚಿಡಲು ಹೋಗಲಿಲ್ಲ.

ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಪೆಟ್ಟಿಗೆ ಎಸ್ಕೊಬೆಡೊನ ಕಂಕುಳಲ್ಲೇ ಇತ್ತು. ವಾಪಸ್ ಕೊಡುವ ಲಕ್ಷಣ ಕಾಣಲಿಲ್ಲ, ಅವಳೂ ಕೇಳಲಿಲ್ಲ.

‘ಎರವಲನ್ನ ಮುಂದುವರಿಸಿದ್ದೀನಿ ಅಂತ ಬರ್ಕೋತೀನಿ’ ಅಂದಳು. ‘ಒಂದು ಮಾತು ಕೇಳ್ಲಾ ಸಾರ್ಜೆಂಟ್? ಅಷ್ಟು ಬೇಕಾಗಿತ್ತು ಅಂದ್ರೆ ಮೂರು ಯಾಕೆ ವಾಪಸ್ ಕೊಟ್ರಿ?’

ಅವನಿಗೆ ನಿಜವಾಗಿಯೂ ಬೇಜಾರಾದ ಹಾಗಿತ್ತು.

‘ಒಂದಾದ್ರೆ ಕಳೆದುಹೋಯ್ತು ಅನ್ಬಹುದು ಮೇಡಂ. ನಾಲ್ಕೂ ಇಟ್ಕೊಳ್ಳೋಕೆ ನಾವೇನು ಕಳ್ಳರಾ?’